ಹೊಲದ ಮಜಲಿನಲ್ಲಿ ಸನಾದಿ ನಿಲ್ಲುವ ಜಾಗ

ಸನಾದಿ ಊದುವವನಿಗೆ ನಿವೃತ್ತಿಯ ಆದೇಶವನ್ನು ಯಾರೂ ಕೊಡುವುದಿಲ್ಲ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಇನ್ನು ಮನೆಯಲ್ಲಿ ಆರಾಮಾಗಿರಿ ಎನ್ನುವ ಸಾಹೇಬರೂ ನಮಗಿಲ್ಲ. ನನ್ನನ್ನು ಮನೆಗೆ ಕಳಿಸಿದ್ದು ನನ್ನವೇ ಮುಂದಿನ ಹಲ್ಲುಗಳು. ಅವು ಬಿದ್ದ ಮೇಲೆ ತುಟಿಗೆ ಆಸರೆ ಇಲ್ಲದಾಯಿತು, ಬಾಯಿಗಿಡುವ ಜೊಂಡಿನ ಪೀಪಿ ಹಿಡಿತಕ್ಕೆ ಸಿಗದಾಯಿತು. ಗೋಕಾಕದ ಹಲ್ಲಿನ ಡಾಕ್ಟರು ಒಂದು ಸೆಟ್ಟು ಮಾಡಿಕೊಟ್ಟರು. ಅದನ್ನು ಹಾಕಿಕೊಂಡು ಮೂಡಲಗಿಯ ಒಂದು ಮದುವೆಗೆ ಹೋದೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮೇಲಿನ ಸ್ವರಕ್ಕೆ ಏರಿದೆ. ಸ್ವರದ ಹಿಂದೆಯೇ ಸೆಟ್ಟೂ ಹಾರಿ ಮದುಮಗನ ಕಾಲ ಬಳಿ ಬಿತ್ತು. ಆ ಮದುವೆಗೆ ಬಂದವರು ಇನ್ನೂ ನಗುತ್ತಿದ್ದಾರೆ, ನಗಲಿ. ಅಂದು ಸಂಜೆ ಮನೆಗೆ ಬಂದು ಸನಾದಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದೆ. ನನ್ನ ಹೆಂಡತಿ ಶಾಂತವ್ವ ಏನೂ ಅನ್ನದೆ ಚಹಾ ತಂದಿಟ್ಟಳು. ಆಕೆ ಏನೂ ಅನ್ನದೆ ಇದ್ದದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ ಸಲ.

ಈಗ ಕುಲಗೋಡದ ನಮ್ಮ ಮನೆಗೆ ಕಲಿಯುವವರು ಬರುತ್ತಾರೆ. ಮೊಬೈಲಿನಲ್ಲಿ ಶಹನಾಯಿ ನೋಡಿ ಬಂದವರು. ಸನಾದಿ ಎಂದರೆ ನಮ್ಮ ಕಡೆಯ ಶಹನಾಯಿಯೇ, ಹೆದರಬೇಡಿ ಎನ್ನುತ್ತೇನೆ. ಎಷ್ಟು ತಿಂಗಳಲ್ಲಿ ಬರುತ್ತದೆ, ಸ್ಟೇಜ್ ಕಾರ್ಯಕ್ರಮ ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಸ್ವಭಾವ. ಏಳನೇ ಇಯತ್ತೆ ಪಾಸಾದವನು ನಾನು, ಬರೆಯಲು ಯಾರ ಹಂಗೂ ಬೇಕಿಲ್ಲ.

ನಾನು ಊದಿದ್ದು ಕರಡಿ ಮಜಲಿನ ಮೇಳದಲ್ಲಿ. ಕರಡಿ ಎಂದರೆ ಸೊಂಟಕ್ಕೆ ಕಟ್ಟಿಕೊಂಡು ಬಾರಿಸುವ ದೊಡ್ಡ ಚರ್ಮವಾದ್ಯ. ಅದರ ಚರ್ಮವನ್ನು ಕೋಲಿನಿಂದ ಉಜ್ಜಿದರೆ ಗುರುಗುಟ್ಟುತ್ತದೆ, ಅದಕ್ಕೇ ಆ ಹೆಸರು. ಕರಡಿಯವರು, ತಾಳದವರು, ಶ್ರುತಿ ಹಿಡಿಯುವವನು, ಸನಾದಿಯವನು ಸೇರಿ ಬೀದಿಯಲ್ಲಿ ನಡೆಯುತ್ತಾ ನುಡಿಸುವ ಒಂದೊಂದು ಕಟ್ಟಿಗೂ ಮಜಲು ಎನ್ನುತ್ತೇವೆ. ಇಂಥ ಮೇಳಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಅಜ್ಜ, ಮಗ, ಮೊಮ್ಮಗ ಸಾಲಾಗಿ ತಮ್ಮದೇ ಮಜಲು ಕಟ್ಟಿದ ಮನೆತನ ನನಗೆ ತಿಳಿದಂತೆ ಒಂದೇ, ಮಸಗುಪ್ಪಿಯದು. ಊರವರು ಆ ಮನೆಗೆ ಮಜಲಿನವರ ಮನೆ ಎಂದೇ ಅನ್ನುತ್ತಾರೆ. ಆ ಮನೆಯವರು ಕಟ್ಟಿದ್ದೆಲ್ಲ ಜನರ ಕಿವಿಗೆ ಬಿದ್ದದ್ದು ನನ್ನ ಬಾಯಿಂದ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಸಾಲು ಒಂದು ದಿನ ಎರಡನೇ ತಲೆಮಾರಿಗೇ ನಿಂತುಹೋಗುವ ಹಾಗಿತ್ತು. ಅದು ನಿಲ್ಲದ ದಿನ ನಾನು ಅಲ್ಲಿದ್ದೆ, ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ನಮ್ಮದು ಕುರಿ ಕಾಯುವ ಮನೆ. ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕಿದರೆ ಕಬ್ಬಿನ ಗದ್ದೆಯಾಚೆಗಿನ ಕುರಿ ತಲೆ ಎತ್ತುತ್ತಿತ್ತು. ಒಂದು ದಿನ ಆ ದಾರಿಯಲ್ಲಿ ಹೊರಟಿದ್ದ ಮಲ್ಲಪ್ಪನವರು ನನ್ನ ಸಿಳ್ಳೆ ಮುಗಿಯುವುದನ್ನು ಕಾಯುತ್ತಾ ನಿಂತರಂತೆ. ಮಲ್ಲಪ್ಪನವರು ಎಂದರೆ ಮಜಲಿನವರ ಮನೆಯ ಎರಡನೇ ತಲೆಮಾರು, ಮೇಳದ ಯಜಮಾನರು, ಆಳೂ ದೊಡ್ಡದು, ದನಿಯೂ ದೊಡ್ಡದು. ಸಿಳ್ಳೆ ಮುಗಿಯಲಿಲ್ಲ, ಅವರು ನೇರ ನಮ್ಮ ಮನೆಗೆ ಬಂದು ನನ್ನಪ್ಪನ ಮುಂದೆ ಕೂತರು.

"ಈ ಹುಡುಗನ ಎದಿ ನನಗ ಕೊಡು. ಕುರಿ ನಿನಗ ಇರಲಿ" ಎಂದರು.

ಹಾಗೆ ನನಗೆ ನೌಕರಿ ಸಿಕ್ಕಿತು. ಮೊದಲು ಬಹಳ ದಿನ ಸನಾದಿ ಮುಟ್ಟಲೂ ಬಿಡಲಿಲ್ಲ. ಪಪ್ಪಾಯಿ ಎಲೆಯ ದೇಟನ್ನು ನೀರಿನ ಕೊಡದಲ್ಲಿಟ್ಟು ಊದು, ಗುಳ್ಳೆ ನಿಲ್ಲಬಾರದು ಎಂದರು. ಗಲ್ಲದಲ್ಲಿ ಗಾಳಿ ಕೂಡಿಟ್ಟುಕೊಂಡು, ಅದನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವ ವಿದ್ಯೆ ಅದು. ನಮ್ಮವ್ವ ಆ ಗುಳುಗುಳು ಕೇಳಿ ಕೇಳಿ ರೋಸಿ, ಇದಕ್ಕಿಂತ ಕುರಿ ಒದರಿದರೇ ಚಲೋ ಎನ್ನುತ್ತಿದ್ದಳು.

ಸನಾದಿ ಕೈಗೆ ಬಂದ ಮೇಲೆ ಪಾಠವೆಲ್ಲ ನಡೆಯುತ್ತಲೇ. ಮಲ್ಲಪ್ಪನವರು ಮುಂದೆ ಕರಡಿ ಕಟ್ಟಿಕೊಂಡು ಬಾಯಿಂದ ಮಟ್ಟು ಹಾಡುತ್ತಾ ಹೋಗುವುದು, ನಾನು ಹಿಂದೆ ಅದನ್ನೇ ಊದುತ್ತಾ ಬರುವುದು. ಮಸಗುಪ್ಪಿಯ ದಾರಿಯಲ್ಲಿ ಹೀಗೆ ತಿರುಗಿದ್ದಕ್ಕೆ ಲೆಕ್ಕವಿಲ್ಲ. ಹೆಜ್ಜೆ ತಪ್ಪಿದರೆ ಕೋಲು ನನ್ನ ಮೀನಖಂಡಕ್ಕೆ ಬೀಳುತ್ತಿತ್ತು. ಕೂತು ಕಲಿತ ಮಜಲನ್ನು ಬೀದಿಗೆ ಒಯ್ದರೆ ಅದು ಕಾಲಿಗೆ ತೊಡರುತ್ತದೆ ಎಂದು ಅವರ ವಾದ. ಈಗ ನನ್ನ ಬಳಿ ಬರುವವರು ಪ್ಲಾಸ್ಟಿಕ್ ಕುರ್ಚಿ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಕುರ್ಚಿ ಇದೆ, ಕಲಿಯುವ ಹೊತ್ತಿಗೆ ಅದನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ.

ಇನ್ನು ಆ ಮನೆತನದ ಪದ್ಧತಿ ಹೇಳಬೇಕು. ಆ ಮನೆಯಲ್ಲಿ ಅಪ್ಪ ತೀರಿಕೊಂಡ ದಿನ ಮಗ ಒಂದು ಹೊಸ ಮಜಲು ಕಟ್ಟಬೇಕು. ನಮ್ಮ ಕಡೆ ಶರಣರ ಮನೆಗಳಲ್ಲಿ ದೇಹವನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಹೆಗಲ ಮೇಲೆ ಹೊತ್ತು ಸ್ವಂತ ಹೊಲಕ್ಕೆ ಒಯ್ಯುತ್ತಾರೆ, ಅಲ್ಲಿ ಮಣ್ಣು ಮಾಡುತ್ತಾರೆ. ವಿಮಾನ ಹೊಲ ಮುಟ್ಟುವುದರೊಳಗೆ ಮಗನ ಮಜಲು ಮೇಳದ ಕೈಗೆ ಬಂದಿರಬೇಕು. ಮುಂಚೆಯೇ ಕಟ್ಟಿಟ್ಟುಕೊಳ್ಳುವಂತಿಲ್ಲ. ಅಪ್ಪ ಬದುಕಿರುವಾಗ ಅದನ್ನು ಗುನುಗುವುದೆಂದರೆ ಅವನ ಸಾವಿಗೆ ಕಾದು ಕೂತಂತೆ ಎಂದು ಅವರು ನಂಬಿದ್ದರು. ಒಮ್ಮೆ ಹೊಲ ಮುಟ್ಟಿ ಬಂದ ಮಜಲು ಆಮೇಲೆ ಎಲ್ಲರದ್ದು. ಮದುವೆಗೂ ಬರುತ್ತದೆ, ಪಲ್ಲಕ್ಕಿಗೂ ಬರುತ್ತದೆ, ಅಪಶಕುನ ಎಂದು ಯಾರೂ ಅನ್ನುವುದಿಲ್ಲ.

ಹೀಗೆ ಕಟ್ಟಿದ ಮೊದಲ ಮಜಲು ಮಲ್ಲಪ್ಪನವರ ತಂದೆ ಚನ್ನಬಸಪ್ಪನವರದು. ಹೊಲದ ಮಜಲು ಎಂದು ಅದರ ಹೆಸರು. ಬೇಸಿಗೆಯಲ್ಲಿ, ತಮ್ಮಪ್ಪನ ವಿಮಾನದ ಮುಂದೆ, ದೂರದ ಹೊಲಕ್ಕೆ ಅವರು ನಿಧಾನ ನಡೆದ ದಾರಿ ಅದರಲ್ಲಿದೆ. ಒಂದೊಂದು ಸಾಲೂ ಮುಗಿಯುವುದೇ ಇಲ್ಲವೇನೋ ಎನ್ನುವ ಹಾಗೆ ಹೋಗುತ್ತದೆ. ಮುಂದೆ ಚನ್ನಬಸಪ್ಪನವರು ತೀರಿಕೊಂಡದ್ದು ಮಳೆಗಾಲದಲ್ಲಿ. ಹಳ್ಳ ತುಂಬಿ ಬರುವುದರೊಳಗೆ ದಾಟಬೇಕಾಗಿತ್ತು. ಹಿರಿಯರ ಮಜಲನ್ನು ಹೊಸ್ತಿಲಲ್ಲಿ ಸ್ವಲ್ಪ ನುಡಿಸಿ, ಮಲ್ಲಪ್ಪನವರು ತಮ್ಮದನ್ನು ದಾಪುಗಾಲು ಹಾಕುತ್ತಲೇ ಕಟ್ಟಿದರಂತೆ. ಅದಕ್ಕೇ ಅದು ಹಳ್ಳದ ಮಜಲು. ಅದನ್ನು ಕೇಳುವಾಗ ಇಂದಿಗೂ ನನ್ನ ಕಾಲುಗಳು ತಾವಾಗಿ ಜೋರಾಗುತ್ತವೆ.

ಮಲ್ಲಪ್ಪನವರ ಮಗ ಬಾಳಪ್ಪ, ನನ್ನ ಓರಗೆಯವನು. ಕರಡಿಯ ಮೇಲೆ ಅವನ ಕೈ ಅಪ್ಪನ ಕೈಗಿಂತ ಹಗುರ, ಇದನ್ನು ಮಲ್ಲಪ್ಪನವರ ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ. ಆದರೆ ಬಾಳಪ್ಪ ಸ್ವಂತದ್ದೆಂದು ನಾಲ್ಕು ಪೆಟ್ಟನ್ನೂ ಕಟ್ಟಿದವನಲ್ಲ. ಒಮ್ಮೆ ಗೋಕಾಕದಿಂದ ಬಸ್ಸಿನಲ್ಲಿ ಬರುವಾಗ ಕರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ.

"ಈರಪ್ಪ, ಅಪ್ಪ ಹೋದ ದಿನ ನನ್ನ ಕೈಯಾಗ ಏನೂ ಹುಟ್ಟಲಿಲ್ಲಂದ್ರ ಏನ ಮಾಡ್ಲಿ? ಅಜ್ಜಂದೈತಿ, ಅಪ್ಪಂದೈತಿ. ನನ್ನ ತನಕ ಬಂದು ಮನಿತನ ನಿಂತಿತು ಅಂತಾರ ಮಂದಿ."

ಅಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ನಮ್ಮಿಬ್ಬರನ್ನೂ ಹೊತ್ತು ಹಾಕುತ್ತಾನೆ ಎಂದು ನಾನು ನಕ್ಕು ಹಾರಿಸಿಬಿಟ್ಟೆ. ಬಾಳಪ್ಪ ನಗಲಿಲ್ಲ. ಆ ಭಯ ಅವನನ್ನು ವರ್ಷಗಟ್ಟಲೆ ತಿನ್ನುತ್ತಿತ್ತು, ಯಾರಿಗೂ ತೋರಿಸುತ್ತಿರಲಿಲ್ಲ, ಅಷ್ಟೆ.

ಕೆಲಸವೆಂದ ಮೇಲೆ ಎಡವಟ್ಟುಗಳೂ ಇರುತ್ತವೆ. ಒಂದು ಸಲ ಪೀಪಿಯನ್ನು ಬುತ್ತಿಯ ಗಂಟಿನಲ್ಲಿಟ್ಟುಕೊಂಡು ಗೋಕಾಕದ ಮದುವೆಗೆ ಹೋದೆ. ಶಾಂತವ್ವ ಕಟ್ಟಿದ್ದ ರಂಜಕ, ಅಂದರೆ ನಮ್ಮ ಕಡೆಯ ಕೆಂಪು ಮೆಣಸಿನಕಾಯಿ ಚಟ್ನಿ, ಸೋರಿ ಪೀಪಿಗೆ ಮೆತ್ತಿಕೊಂಡಿತ್ತು. ನೋಡಲಿಲ್ಲ, ಬಾಯಿಗಿಟ್ಟೆ. ಬೀಗರನ್ನು ಎದುರುಗೊಳ್ಳುವ ಮೆರವಣಿಗೆ ಆಗಲೇ ಹೊರಟಿದೆ, ಬಿಡುವಂತಿಲ್ಲ. ತುಟಿ ಉರಿದು ಕಣ್ಣಲ್ಲಿ ಧಾರಾಕಾರ ನೀರು. ಅದನ್ನು ನೋಡಿ ಮದುಮಗಳ ತಾಯಿ ಅಳಲು ಶುರುಮಾಡಿದಳು, ಆಕೆಯನ್ನು ನೋಡಿ ತವರಿನ ಹೆಂಗಸರೆಲ್ಲ ಅತ್ತರು. ಮಗಳನ್ನು ಕಳಿಸುವ ನೋವನ್ನು ಇಷ್ಟು ಆಳವಾಗಿ ಊದಿದವನನ್ನು ಕಂಡಿಲ್ಲ ಎಂದು ಬೀಗರ ಹಿರಿಯರೊಬ್ಬರು ನನಗೆ ರುಮಾಲು ಸುತ್ತಿದರು. ಮಲ್ಲಪ್ಪನವರಿಗೆ ಮಾತ್ರ ವಾಸನೆ ಹತ್ತಿತ್ತು. ಮುಂದೆ ಯಾವ ಮದುವೆಗೆ ಹೊರಟರೂ, ಅಳಿಸುವುದಿದ್ದರೆ ಚಟ್ನಿ ತಗೋ ಎಂದು ಕೆಣಕುತ್ತಿದ್ದರು.

ಕಾಲ ಬದಲಾದದ್ದನ್ನೂ ಕಂಡೆ. ಮೊದಲು ಮದುವೆಯೆಂದರೆ ಮೇಳ ಊರ ಅಗಸೆಬಾಗಿಲಿನಿಂದ ಮನೆಯ ತನಕ ನಡೆಯಬೇಕು. ಆಮೇಲೆ ಕಲ್ಯಾಣಮಂಟಪ ಬಂದವು, ಮೇಳವನ್ನು ಊಟದ ಹಾಲ್ ಬಾಗಿಲಲ್ಲಿ ಕೂಡಿಸಿದರು. ಆಮೇಲೆ ಟ್ರ್ಯಾಕ್ಟರಿನ ಮೇಲೆ ಡಿಜೆ ಡಬ್ಬಿಗಳು ಬಂದವು. ಒಮ್ಮೆ ಮೂಡಲಗಿ ಪೇಟೆಯಲ್ಲಿ ನಮ್ಮ ಹಿಂದೆಯೇ ಡಿಜೆ ಬಂತು. ನನ್ನ ಸನಾದಿ ನನಗೇ ಕೇಳುತ್ತಿಲ್ಲ. ಬಾಳಪ್ಪ ಕರಡಿ ನಿಲ್ಲಿಸಿ ರಸ್ತೆಯ ನಡುವೆ ನಿಂತ, ನಾವೂ ನಿಂತೆವು. ಟ್ರ್ಯಾಕ್ಟರಿಗೆ ದಾರಿಯಿಲ್ಲ. ಡಿಜೆಯವನು ಯಾಕೆ ನಿಂತಿರಿ ಎಂದು ಕೇಳಲು ಡಬ್ಬಿ ಬಂದ್ ಮಾಡಿದ. ಆ ಕ್ಷಣಕ್ಕೇ ಕಾದಿದ್ದ ಬಾಳಪ್ಪ ಹಳ್ಳದ ಮಜಲು ಎತ್ತಿಕೊಂಡ. ಜನ ಡಿಜೆಯವನಿಗೆ ಮತ್ತೆ ಹಚ್ಚಲು ಬಿಡಲಿಲ್ಲ, ಪೇಟೆ ಮುಗಿಯುವ ತನಕ ನಮ್ಮದೇ ನಡೆಯಿತು.

ನನ್ನ ಕಿವಿಯನ್ನು ತೆರೆಸಿದ್ದು ಹುಕ್ಕೇರಿಯ ಒಂದು ಮದುವೆ. ಅಲ್ಲಿ ಮದುಮಗಳ ಸೋದರಮಾವ ಮಿಲಿಟರಿ ಬ್ಯಾಂಡಿನಲ್ಲಿದ್ದು ನಿವೃತ್ತರಾಗಿ ಬಂದ ಹವಾಲ್ದಾರರು. ಊಟವಾದ ಮೇಲೆ ನನ್ನನ್ನು ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಪೆಟ್ಟಿಗೆ ತೆರೆದರು. ಒಳಗೆ ಕರಿಯ ಕಟ್ಟಿಗೆಯ, ಬೆಳ್ಳಿಬಣ್ಣದ ಗುಂಡಿಗಳಿದ್ದ ತೆಳ್ಳನೆಯ ವಾದ್ಯ. ಇದಕ್ಕೆ ಓಬೋ ಅನ್ನುತ್ತಾರೆ, ನಿಮ್ಮ ಸನಾದಿಯ ಕುಲದ್ದೇ ಎಂದರು. ಅದಕ್ಕೂ ನಮ್ಮ ಹಾಗೆಯೇ ಜೊಂಡಿನ ಪೀಪಿ. ಅದನ್ನು ಅವರು ನಾಲಿಗೆಯ ಮೇಲಿಟ್ಟು ನೆನೆಸುವುದನ್ನು ನೋಡಿಯೇ ನನಗೆ ನಮ್ಮವರು ಅನ್ನಿಸಿತು.

ಪರದೇಶದಲ್ಲಿ ಬಹಳ ಹಿಂದೆ ಒಂದು ಮನೆತನವಿತ್ತಂತೆ. ಅಜ್ಜಂದಿರು, ಅಪ್ಪ, ಮಕ್ಕಳು ಎಲ್ಲರೂ ಸಂಗೀತ ಕಟ್ಟುವವರೇ. ಆ ಕಾಲದ ಸಂಗೀತಕ್ಕೆ ಬರೋಕ್ ಎಂದು ಹೆಸರಂತೆ. ಹವಾಲ್ದಾರರು ನೌಕರಿಯಲ್ಲಿದ್ದಾಗ ಊದಿದ್ದು ಬರೀ ಕವಾಯತಿನ ಪದ. ನಿವೃತ್ತರಾದ ಮೇಲೆ ಆ ಒಂದೇ ಮನೆತನದ ರಚನೆಗಳನ್ನು ತಲೆಮಾರು ತಲೆಮಾರಾಗಿ ಹುಡುಕಿ ಊದುತ್ತಾ, ಯಾರ ಕೈ ಯಾವುದೆಂದು ತಿಳಿಯುವುದೇ ಅವರ ಹುಚ್ಚಾಗಿತ್ತು. ಯಾರದೆಂದು ಹೇಳದೆ ಎರಡು ತುಣುಕು ಊದಿ ತೋರಿಸಿದರು. ಒಂದು ಅಪ್ಪನದು, ಒಂದು ಮಗನದು, ಹೇಳ್ರಿ ನೋಡೋಣ ಎಂದರು.

ಮೊದಲಿನದು ಅಪ್ಪನದು ಎಂದೆ. ಹವಾಲ್ದಾರರು ಓಬೋ ಕೆಳಗಿಟ್ಟು ಹೇಗೆ ಗೊತ್ತಾಯಿತು ಎಂದು ಕೇಳಿದರು.

"ಮೊದಲಿಂದರಾಗ ಉಸರ ಎಲ್ಲಿ ತಗೋಬೇಕಂತ ಹೇಳೇ ಇಲ್ರಿ. ಊದಾಂವ ಏನರ ಮಾಡ್ಕೊಳ್ಳಲಿ ಅಂದಂಗೈತಿ. ಎರಡನೇದರಾಗ ಊದಾಂವನ ಮ್ಯಾಲ ಸ್ವಲ್ಪ ಕರುಣಾ ಐತಿ. ನಮ್ಮ ಮಸಗುಪ್ಪಿ ಮನಿಯಾಗೂ ಹಿಂಗ ಐತ್ರಿ" ಎಂದೆ.

ಅವರು ಎದ್ದು ನನ್ನ ಕೈ ಹಿಡಿದುಕೊಂಡರು. ಆ ಮಧ್ಯಾಹ್ನ ಹಿತ್ತಲಿನಲ್ಲಿ ಅವರು ಆ ಮನೆಯವರನ್ನು ಊದಿದರು, ನಾನು ಈ ಮನೆಯವರನ್ನು ಊದಿದೆ. ಚನ್ನಬಸಪ್ಪನವರ ಹೊಲದ ಮಜಲನ್ನು ಕೇಳುವಾಗ ಒಂದು ಕಡೆ ಅವರು ಕೈ ಎತ್ತಿ ನಿಲ್ಲಿಸಿದರು. ಸಾಲಿನ ಕೊನೆಗೆ ಚಕ್ಕನೆ ಮೇಲಕ್ಕೇರಿ ಇಳಿಯುವ ಒಂದು ತುಂಡಿದೆ. ಇದು ಅಜ್ಜನ ಕೈಯೇ ಹೌದಾ ಎಂದು ಕೇಳಿದರು. ನನಗೂ ಆ ತುಂಡು ಸದಾ ಬೇರೆ ಬಟ್ಟೆಯ ತೇಪೆಯ ಹಾಗೆ ಅನ್ನಿಸುತ್ತಿತ್ತು, ಆದರೆ ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ಅದರ ಓಟ ಹಳ್ಳದ ಮಜಲಿನ ಓಟ. ಮಗನ ಕೈ ಅಪ್ಪನ ಮಜಲಿನೊಳಗೆ ಬಂದಿತ್ತು.

ಆಗ ಮಲ್ಲಪ್ಪನವರಿಗೆ ವಯಸ್ಸಾಗಿತ್ತು, ಮನೆಯ ಮುಂದಿನ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮಸಗುಪ್ಪಿಗೆ ಹೋಗಿ ಅವರ ಪಕ್ಕ ಕೂತು ಕೇಳಿಯೇಬಿಟ್ಟೆ. ಬಾಳಪ್ಪ ಬಾಗಿಲಲ್ಲಿ ಕರಡಿಯ ಹಗ್ಗ ಬಿಗಿಯುತ್ತಿದ್ದ. ಇವತ್ತು ಕೋಲು ನನ್ನ ಬೆನ್ನಿಗೇ ಎಂದುಕೊಂಡಿದ್ದೆ. ಮಲ್ಲಪ್ಪನವರು ಕೋಲಿಗೆ ಕೈ ಹಾಕಲಿಲ್ಲ. ಹೇಳತೊಡಗಿದಾಗ ಅವರ ದನಿ ಸಣ್ಣಗಿತ್ತು.

"ನಮ್ಮಪ್ಪಗ ದಮ್ಮಿನ ಬ್ಯಾನಿ ಇತ್ತು. ನನಗ ಅದನ್ನ ಕಲಸುವಾಗ ನಡಿಯಾಕ ಆಗತಿರಲಿಲ್ಲ, ಈ ಕಟ್ಟಿ ಮ್ಯಾಲ ಕುಂತ ಹಾಡಿ ಕಲಸಿದ. ಆ ಜಾಗಾಕ್ಕ ಬಂದ ಕೂಡ್ಲೆ ನಿಂತು ಬಿಡತಿದ್ದ. ಎದಿ ಹಿಡಕೊಂಡು ಕೆಮ್ಮಿ, ಮತ್ತ ಮುಂದಿಂದು ಹಾಡತಿದ್ದ. ದಮ್ಮಿನ ಮುದುಕ ಕಟ್ಟಿದ ಮಜಲು, ನಡುವ ಉಸರ ಕಟ್ಟತೈತಿ ಅಂತ ಮಂದಿ ನಗಬಾರದು. ಅದಕ್ಕ ನಾ ತುಂಬಿದೆ."

ಅಪ್ಪನ ಕೆಮ್ಮನ್ನು ಮಗ ಮುಚ್ಚಿದ್ದ. ಅಷ್ಟು ವರ್ಷ ಆ ಮನುಷ್ಯನ ಬಾಯಿಂದ ಬೈಗುಳ ಬಿಟ್ಟು ಬೇರೆ ಕೇಳಿದ್ದೇ ಕಡಿಮೆ. ತಾವು ಇರುವ ತನಕ ಅದನ್ನು ಹಾಗೆಯೇ ಊದಬೇಕು ಎಂದರು. ಊದಿದೆ. ಬಾಳಪ್ಪ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಕಬ್ಬು ಎದೆಮಟ್ಟ ಬಂದಿದ್ದ ದಿನಗಳಲ್ಲಿ ಮಲ್ಲಪ್ಪನವರು ತೀರಿಕೊಂಡರು. ಬೆಳಗ್ಗೆ ಸುದ್ದಿ ಬಂತು, ಸನಾದಿ ಹಿಡಿದು ಓಡಿದೆ. ಬಾಳಪ್ಪ ಕೊಟ್ಟಿಗೆಯಲ್ಲಿ ಕರಡಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದ. ಹೊರಗೆ ವಿಮಾನಕ್ಕೆ ಹೂವು ಕಟ್ಟುತ್ತಿದ್ದಾರೆ, ಕಾರ್ಯ ಮಾಡಿಸುವ ಊರ ಅಯ್ಯನವರು ಬಂದಿದ್ದಾರೆ, ಭಜನೆ ನಡೆದಿದೆ. ಅವನು ಕೋಲು ಎತ್ತುವುದು, ಇಳಿಸುವುದು. ಒಂದು ಪೆಟ್ಟು ಬಿದ್ದರೆ ಅದು ಅಜ್ಜನದಾಗಿರುತ್ತದೆ, ಇನ್ನೊಂದು ಬಿದ್ದರೆ ಅಪ್ಪನದು. ಮಧ್ಯಾಹ್ನವಾಯಿತು.

"ಏನೂ ಇಲ್ಲೋ ಈರಪ್ಪ. ಅಪ್ಪನ್ನ ಖಾಲಿ ಕೈಲೆ ಕಳಸ್ತೀನಿ" ಎಂದ.

ನಾನೇ ಒಂದು ಮಟ್ಟು ಊದಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದು ಕುಲಗೋಡದ ಕುರಿಯವರ ಮಜಲಾಗುತ್ತಿತ್ತು, ಮಸಗುಪ್ಪಿಯ ಮಜಲಿನವರದಲ್ಲ. ಮೊದಲು ನಡೆಯೋಣ, ದಾರಿ ಇನ್ನೂ ಇದೆಯಲ್ಲ ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದೆ. ಹೊಲದ ಮಜಲಿನಿಂದ ಶುರುಮಾಡಿದೆವು.

ಅವರ ಹೊಲಕ್ಕೆ ಹೋಗಬೇಕಾದರೆ ಡಾಂಬರು ಬಿಟ್ಟು ಎರಡೂ ಬದಿ ಕಬ್ಬಿರುವ ಕಿರಿದಾದ ಬದುವಿನ ಮೇಲೆ ನಡೆಯಬೇಕು. ಟ್ರ್ಯಾಕ್ಟರ್ ಹೋಗುವುದಿಲ್ಲ, ವಿಮಾನದ ಪಕ್ಕದಲ್ಲಿ ಇನ್ನೊಬ್ಬ ಬರುವುದಕ್ಕೂ ಜಾಗವಿಲ್ಲ. ಹೊತ್ತವರು ನಾಲ್ವರು. ಮಲ್ಲಪ್ಪನವರದು ಭಾರವಾದ ಶರೀರ. ಒಂದು ಹೆಗಲು ನೊಂದಾಗ ಇನ್ನೊಂದಕ್ಕೆ ಬದಲಿಸಬೇಕು, ಆದರೆ ನಾಲ್ವರೂ ಒಟ್ಟಿಗೇ ಬದಲಿಸಬೇಕು. ಒಬ್ಬ ಮುಂಚೆ ಮಾಡಿದರೆ ವಿಮಾನ ವಾಲುತ್ತದೆ. ಬೇರೆ ಮನೆಗಳ ಮಣ್ಣಿಗೆ ಹೋದಾಗ ಅಗಲವಾದ ರಸ್ತೆ, ಎಲ್ಲಿ ಬೇಕಾದರೂ ನಿಂತು ಬದಲಿಸುತ್ತಾರೆ. ಇಂಥ ಬದುವಿನ ಮೇಲೆ ನಾನು ಹೊಲದ ಮಜಲನ್ನು ಹಿಂದೆಂದೂ ಊದಿರಲಿಲ್ಲ. ಮೇಳ ವಿಮಾನದ ಮುಂದೆ ಇತ್ತು, ನಾನು ಮೇಳದಲ್ಲಿ ಕೊನೆಯವನು, ವಿಮಾನಕ್ಕೆ ತೀರ ಹತ್ತಿರ. ಸಾಲು ಮುಗಿದು ಆ ತೇಪೆಯ ತುಂಡಿಗೆ ಬಂದೆ. ಚಕ್ಕನೆ ಮೇಲಕ್ಕೇರಿದೆ. ಅದೇ ಹೊತ್ತಿಗೆ ಹಿಂದೆ ಯಾರೋ ಕೂಗಿದಂತಾಯಿತು, ವಿಮಾನ ಒಂದು ಕಡೆ ವಾಲಿತು, ಮಲ್ಲಪ್ಪನವರ ತಲೆ ಹೂವಿನ ಜೊತೆ ಬಾಗಿತು. ಹಿಂದೆ ಬರುತ್ತಿದ್ದ ಅಯ್ಯನವರು ಕೈ ಚಾಚಿ ಹಿಡಿದರು.

ಮುಂದಿನ ಹೆಗಲಿನವನು ನನ್ನನ್ನು ನೋಡಿ ಮೆಲ್ಲಗೆ ಹೇಳಿದ: "ಬದಲಿ ಮಾಡ್ರೋ ಅಂದೆ ಕಾಕಾ. ನಿಮ್ಮ ಸನಾದಿ ಒದರೂದರಾಗ ಹಿಂದಿನವರಿಗೆ ಕೇಳಲಿಲ್ಲ."

ಮತ್ತೆ ಹೊರಟೆವು. ನನ್ನ ತಲೆಯಲ್ಲಿ ಅವನ ಮಾತೇ ತಿರುಗುತ್ತಿತ್ತು. ಅವನು ಕೂಗಿದ್ದು ಬೇರೆಲ್ಲೂ ಅಲ್ಲ, ಸಾಲು ಮುಗಿದ ಆ ಜಾಗದಲ್ಲಿ. ಅಷ್ಟು ದೂರ ನಡೆದ ಮೇಲೆ ಹೆಗಲು ಬದಲಿ ಕೇಳುತ್ತದೆ. ಸಾಲಿನ ಉದ್ದವೂ ಅಷ್ಟೇ. ಮಜಲು ಒಂದು ಸುತ್ತು ತಿರುಗಿ ಮತ್ತೆ ಅದೇ ಜಾಗಕ್ಕೆ ಬಂತು. ನಾನು ಸನಾದಿಯನ್ನು ಬಾಯಿಂದ ತೆಗೆದೆ.

ಕರಡಿಯೊಂದೇ ಗುರುಗುಟ್ಟಿತು. ಹಿಂದೆ ನಾಲ್ಕು ಹೆಗಲೂ ಒಂದೇ ಸಲಕ್ಕೆ ಬದಲಾದವು. ಯಾರೂ ಕೂಗಲಿಲ್ಲ, ಯಾರೂ ಹೇಳಿರಲಿಲ್ಲ. ವಿಮಾನ ಒಂದಿಷ್ಟೂ ಅಲುಗಲಿಲ್ಲ.

ಬಾಳಪ್ಪ ನಡೆಯುತ್ತಲೇ ಹಿಂದೆ ತಿರುಗಿ ವಿಮಾನವನ್ನು ನೋಡಿದ, ನನ್ನ ಕೈಯಲ್ಲಿದ್ದ ಸನಾದಿಯನ್ನು ನೋಡಿದ.

"ಅಜ್ಜಗ ದಮ್ಮಿತ್ತು, ಖರೆ. ಇದು ದಮ್ಮಲ್ಲೋ. ಇದು ಹೆಗಲ ಬದಲಿ ಮಾಡೂ ಜ್ಯಾಗಾ" ಎಂದ.

ಚನ್ನಬಸಪ್ಪನವರು ತಮ್ಮಪ್ಪನನ್ನು ಹೊತ್ತವರಿಗಾಗಿ ಮಜಲಿನ ನಡುವೆ ಜಾಗ ಬಿಟ್ಟಿದ್ದರು. ಮುದಿ ವಯಸ್ಸಿನಲ್ಲಿ ಅದೇ ಜಾಗದಲ್ಲಿ ಅವರಿಗೆ ಕೆಮ್ಮಲು ಬಿಡುವು ಸಿಗುತ್ತಿತ್ತು. ಕಟ್ಟೆಯ ಮೇಲೆ ಕೂತು ಕಲಿತ ಮಗನಿಗೆ ಕೆಮ್ಮು ಕಂಡಿತು, ಹೆಗಲು ಕಾಣಲಿಲ್ಲ. ಯಾರನ್ನೂ ಕೂತು ಕಲಿಯಲು ಬಿಡದ ಮಲ್ಲಪ್ಪನವರು ತಾವು ಕೂತು ಕಲಿತದ್ದು ಅದೊಂದನ್ನೇ.

ಮುಂದಿನ ಸುತ್ತಿನಲ್ಲಿ ನಾನು ಮತ್ತೆ ಆ ಜಾಗವನ್ನು ಖಾಲಿ ಬಿಟ್ಟೆ. ಈ ಸಲ ಕರಡಿ ಬರೀ ಗುರುಗುಟ್ಟಲಿಲ್ಲ. ಹಿಂದಿನ ನಾಲ್ವರ ಕಾಲು ಭಾರ ಬದಲಿಸುವಾಗ ಎಳೆದು ಊರುವ ಸಪ್ಪಳ ಇತ್ತಲ್ಲ, ಬಾಳಪ್ಪನ ಕೈ ಅದನ್ನೇ ಹಿಡಿಯಿತು. ಒಂದು ಗಟ್ಟಿ ಪೆಟ್ಟು, ಒಂದು ಉಜ್ಜು, ಎರಡು ಹಗುರ ಪೆಟ್ಟು. ಅದು ಅಜ್ಜನದಲ್ಲ, ಅಪ್ಪನದಲ್ಲ. ಮತ್ತೊಂದು ಸುತ್ತಿಗೆ ಅದು ಇನ್ನಷ್ಟು ಉದ್ದವಾಯಿತು. ತಾಳದವರು ಅದನ್ನು ಹಿಡಿದರು. ಬಾಳಪ್ಪ ಬಾಯಿಂದ ಮಟ್ಟು ಹಾಡತೊಡಗಿದ, ಅವರಪ್ಪ ನನಗೆ ಕಲಿಸುತ್ತಿದ್ದ ಹಾಗೆಯೇ, ಮುಂದೆ ನಡೆಯುತ್ತಾ, ಹಿಂದೆ ತಿರುಗಿ ನೋಡದೆ. ನಾನು ಊದಿದೆ. ಅಜ್ಜನ ಸಾಲು ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತಾ ಬಂತು, ಅವನದು ಬೆಳೆಯುತ್ತಾ ಹೋಯಿತು. ಹೊಲದ ಬದು ಮುಟ್ಟುವ ಹೊತ್ತಿಗೆ ನಾವು ನುಡಿಸುತ್ತಿದ್ದದ್ದು ಪೂರಾ ಬಾಳಪ್ಪನ ಮಜಲು. ಅವನ ಕಣ್ಣೀರು ಕರಡಿಯ ಮೇಲೆ ಬೀಳುತ್ತಿತ್ತು, ಕೈ ಒಂದು ಪೆಟ್ಟೂ ತಪ್ಪಲಿಲ್ಲ. ಮೂರು ತಲೆಮಾರನ್ನು ಒಂದೇ ದಾರಿಯಲ್ಲಿ ಊದಿದವನು ನಾನು. ಅಂದು ಅಳುತ್ತಲೇ ಎದೆಯುಬ್ಬಿಸಿ ನಡೆದೆ, ಸುಳ್ಳು ಯಾಕೆ ಹೇಳಲಿ.

ಜನ ಅದನ್ನು ಹೆಗಲ ಮಜಲು ಎಂದು ಕರೆದರು. ಮಣ್ಣು ಮುಗಿದು ಕಾಲು ತೊಳೆದುಕೊಳ್ಳುವಾಗ, ಇನ್ನು ಮೇಲೆ ಅಪ್ಪನ ತುಂಡನ್ನು ಏನು ಮಾಡೋಣ ಎಂದು ಬಾಳಪ್ಪನನ್ನು ಕೇಳಿದೆ. ಅವನು ಯೋಚಿಸಿಯೇ ಹೇಳಿದ. ಮದುವೆಯಲ್ಲಿ ಹೊರುವವರು ಇರುವುದಿಲ್ಲ, ಅಲ್ಲಿ ಅಪ್ಪ ತುಂಬಿದಂತೆಯೇ ಊದಬೇಕು. ಹೆಗಲ ಮೇಲೆ ಏನಾದರೂ ಇದ್ದಾಗ ಅಜ್ಜ ಬಿಟ್ಟಂತೆ ಬಿಡಬೇಕು. ಅಪ್ಪ ಅದನ್ನು ತುಂಬಿದ್ದು ಅಜ್ಜನ ಮರ್ಯಾದೆಗಾಗಿ, ಅದನ್ನು ತೆಗೆದು ಹಾಕುವ ಕೈ ತನ್ನದಲ್ಲ ಎಂದ. ಅಂದಿನಿಂದ ನಮ್ಮ ಮೇಳದಲ್ಲಿ ಅದೇ ರೂಢಿ.

ಹುಕ್ಕೇರಿಯ ಹವಾಲ್ದಾರರು ಸುದ್ದಿ ತಿಳಿದು ಕುಲಗೋಡಕ್ಕೇ ಬಂದರು. ಮೂರನ್ನೂ ಊದಿ ತೋರಿಸಿದೆ, ಯಾರದೆಂದು ಹೇಳಲಿಲ್ಲ. ಮೂರನೆಯದನ್ನು ಕೇಳಿ ಅವರು, ಇದನ್ನು ಕಟ್ಟಿದವನಿಗೆ ಅಜ್ಜನೂ ಗೊತ್ತು, ಅಪ್ಪನೂ ಗೊತ್ತು ಎಂದರು. ಬಾಳಪ್ಪ ಅಲ್ಲೇ ಕೂತಿದ್ದ. ನಾಚಿ ಎಲೆಯಡಿಕೆ ಹುಡುಕುವ ನೆವದಲ್ಲಿ ಒಳಗೆ ಹೋದ.

ಈಗ ಬಾಳಪ್ಪನ ಮಗ ಕರಡಿ ಕಟ್ಟಿಕೊಳ್ಳುತ್ತಾನೆ. ಕೈ ಚೆನ್ನಾಗಿದೆ. ಅವನು ಏನನ್ನೂ ಗುನುಗುವುದಿಲ್ಲ, ಅದು ಆ ಮನೆಯ ನಿಯಮ. ಬಾಳಪ್ಪ ಆಗಾಗ ನಮ್ಮ ಅಂಗಳಕ್ಕೆ ಬಂದು ಕೂತು ನನ್ನ ಬೊಚ್ಚುಬಾಯಿ ನೋಡಿ ನಗುತ್ತಾನೆ.

"ನನ್ನ ಸಲುವಾಗಿ ಹುಟ್ಟೂ ಮಜಲು ನನಗಂತೂ ಕೇಳಾಕ ಸಿಗೂದಿಲ್ಲ. ನೀ ಊದಾಕ ಆಗದಿದ್ರೂ ಹಿಂದ ನಡಕೋತ ಬಾ. ಚಲೋ ಐತೋ ಇಲ್ಲೋ ಅಂತ ಕೇಳು" ಎನ್ನುತ್ತಾನೆ. ಮೊದಲು ನಾನು ಹೋಗುತ್ತೇನೆ, ನೀನೇ ನನ್ನ ಹಿಂದೆ ಬರಬೇಕಾದೀತು ಎಂದು ನಾನು ಅನ್ನುತ್ತೇನೆ. ಶಾಂತವ್ವ ಒಳಗಿನಿಂದ, ಇಬ್ಬರೂ ಎಲ್ಲಿಗೂ ಹೋಗುವುದಿಲ್ಲ, ಚಹಾ ಆರುತ್ತದೆ ಬನ್ನಿ ಎಂದು ಕರೆಯುತ್ತಾಳೆ.

ಕಲಿಯಲು ಬಂದವರನ್ನು ನಾನು ಬದುವಿನ ಮೇಲೆ ಕರೆದೊಯ್ಯುತ್ತೇನೆ. ಒಬ್ಬರ ಹೆಗಲ ಮೇಲೆ ಕಬ್ಬಿನ ಹೊರೆ ಇಟ್ಟು ನಡೆಸಿ, ಇನ್ನೊಬ್ಬರಿಗೆ ಹೊಲದ ಮಜಲು ಊದಲು ಹೇಳುತ್ತೇನೆ. ಎಲ್ಲಿ ನಿಲ್ಲಬೇಕೆಂದು ನಾನು ಹೇಳಿಕೊಡುವುದಿಲ್ಲ. ಮೊನ್ನೆ ಒಬ್ಬಳು, ಅಜ್ಜಾರ, ನಿಮ್ಮ ಇಡೀ ಸರ್ವಿಸಿನೊಳಗ ನೀವು ಎಲ್ಲಕ್ಕಿಂತ ಚಲೋ ಊದಿದ್ದು ಯಾವಾಗ ಎಂದು ಕೇಳಿದಳು. ಮಸಗುಪ್ಪಿಯ ಬದುವಿನ ಮೇಲೆ, ಮಲ್ಲಪ್ಪನವರ ವಿಮಾನದ ಮುಂದೆ, ಸನಾದಿಯನ್ನು ಬಾಯಿಂದ ತೆಗೆದಾಗ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಹೆಗಲ ಮೇಲೆ ಹೊರೆ ಇಟ್ಟು, ನಡಿ ಎಂದೆ.